ಊರಿನ ಹುತಾತ್ಮರ ಸ್ಮರಣೆ: ಹೆಸರುಗಳ ಪಟ್ಟಿಯಿಂದ ಆರಂಭಿಸಿ

ನಮ್ಮ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಊರುಗಳಲ್ಲಿ ಹುತಾತ್ಮರ ದಿನಾಚರಣೆ ಎಂದರೆ ಶಾಮಿಯಾನ, ಧ್ವನಿವರ್ಧಕ, ಅತಿಥಿಗಳ ಪಟ್ಟಿ ಎಲ್ಲವೂ ಮುಂಚಿತವಾಗಿಯೇ ಸಿದ್ಧವಾಗುತ್ತವೆ. ಆದರೆ ಯಾರ ನೆನಪಿಗಾಗಿ ಸೇರಿದ್ದೇವೆಯೋ ಅವರ ಪೂರ್ಣ ಹೆಸರನ್ನು ಎಷ್ಟೋ ಸಲ ವೇದಿಕೆ ಏರುವ ಹೊತ್ತಿಗೆ ಯಾರನ್ನೋ ಕೇಳಿ ಬರೆದುಕೊಳ್ಳಲಾಗುತ್ತದೆ. ಶಾಲೆಯಾಗಲಿ, ಯುವಕ ಮಂಡಳವಾಗಲಿ, ಗ್ರಾಮ ಪಂಚಾಯಿತಿಯಾಗಲಿ ಇಂಥ ಕಾರ್ಯಕ್ರಮವನ್ನು ಕೈಗೆತ್ತಿಕೊಂಡಾಗ ಮಾಡಬೇಕಾದ ಮೊದಲ ಕೆಲಸ ಹೆಸರುಗಳ ಪಟ್ಟಿ.

ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಹುದ್ದೆ, ರೆಜಿಮೆಂಟು, ಮಡಿದ ಸ್ಥಳ ಮತ್ತು ದಿನಾಂಕಗಳನ್ನು ಬರೆದುಕೊಳ್ಳಿ. ಮನೆಯವರನ್ನು ಕೇಳಿ, ಅವರಲ್ಲಿರುವ ಕಾಗದಪತ್ರಗಳೊಂದಿಗೆ ತಾಳೆ ನೋಡಿ. ಸಂದೇಹ ಉಳಿದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ. ದಿನಾಂಕದ ಬಗ್ಗೆ ವಿಶೇಷ ಎಚ್ಚರವಿರಲಿ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಲುಕಿದರು. ಹಲವು ದಿನ ಹಿಮದಡಿಯಲ್ಲಿದ್ದೂ ಜೀವಂತವಾಗಿ ಸಿಕ್ಕ ಅವರು ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹಿಮ ಕುಸಿದ ದಿನವನ್ನೇ ಮರಣದ ದಿನವೆಂದು ಫಲಕದಲ್ಲಿ ಬರೆಸಿದರೆ, ಆ ಯೋಧ ಸಾವಿನೊಡನೆ ಸೆಣಸಿದ ಅಷ್ಟೂ ದಿನಗಳನ್ನು ನಾವೇ ಅಳಿಸಿದಂತಾಗುತ್ತದೆ. ಎರಡೂ ದಿನಾಂಕಗಳನ್ನು ಬರೆಯಿಸಿ.

ಜೊತೆಗಾರರನ್ನು ಬಿಡಬೇಡಿ. ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಹೆಸರು ಹಾವೇರಿ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರೊಂದಿಗೆ ಗುಂಡಿಗೆ ಬಲಿಯಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಅವರ ಹೆಸರುಗಳು ಅಷ್ಟಾಗಿ ಕೇಳಿಬರುವುದಿಲ್ಲ. ಮೂವರ ಹೆಸರನ್ನೂ ಒಂದೇ ಗೌರವದಿಂದ, ಒಂದರ ಹಿಂದೆ ಒಂದರಂತೆ ಓದಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಿಷಯದಲ್ಲಿ ಅಮೆರಿಕದವರ ರೂಢಿಯೊಂದು ಗಮನಿಸತಕ್ಕದ್ದು. ವಾಷಿಂಗ್ಟನ್‌ನಲ್ಲಿ 1982ರಲ್ಲಿ ಕಟ್ಟಿದ ವಿಯೆಟ್ನಾಂ ಯುದ್ಧದ ಸ್ಮಾರಕದ ಕಪ್ಪು ಕಲ್ಲಿನ ಗೋಡೆಯ ಮೇಲೆ 58,000ಕ್ಕೂ ಹೆಚ್ಚು ಹೆಸರುಗಳಿವೆ. ಅವುಗಳ ಮುಂದೆ ಹುದ್ದೆಯನ್ನು ಕೆತ್ತಿಲ್ಲ, ಅವು ಹಿರಿಯ ಅಧಿಕಾರಿ, ಸಾಮಾನ್ಯ ಸಿಪಾಯಿ ಎಂಬ ಭೇದವಿಲ್ಲದೆ ದಿನಾಂಕದ ಕ್ರಮದಲ್ಲಿವೆ. ಆ ದೇಶದಲ್ಲಿ, ಸೇವೆಯಲ್ಲಿದ್ದಾಗ ಮಡಿದ ಯೋಧರಿಗೆ ಮೇ ತಿಂಗಳ ಕೊನೆಯ ಸೋಮವಾರವೂ, ಸೇವೆ ಸಲ್ಲಿಸಿದ ಎಲ್ಲ ಯೋಧರಿಗೆ ನವೆಂಬರ್ 11 ಕೂಡ ಮೀಸಲಾಗಿವೆ. ನಾವೂ ಇದನ್ನು ಅನುಸರಿಸಬಹುದು: ಹುತಾತ್ಮರ ದಿನದಂದು ಅವರನ್ನಷ್ಟೇ ಸ್ಮರಿಸಿ, ಊರಿನ ಮಾಜಿ ಸೈನಿಕರ ಸನ್ಮಾನವನ್ನು ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ಇಟ್ಟುಕೊಂಡರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ದಿನ ಗೊತ್ತುಮಾಡುವ ಮೊದಲು ಮನೆಯವರ ಒಪ್ಪಿಗೆ ಪಡೆಯಲೇಬೇಕು. ಮಗನನ್ನು ಕಳೆದುಕೊಂಡ ತಾಯಿಗೆ ವೇದಿಕೆ ಬೇಡವೆನಿಸಬಹುದು. ಒತ್ತಾಯಿಸದೆ ಮುಂದಿನ ಸಾಲಿನಲ್ಲಿ ನೆರಳಿರುವ ಕಡೆ ಕೂರಿಸಿ. ಭಾವಚಿತ್ರಕ್ಕೆ ಮೊದಲ ಹೂವು ಮನೆಯವರದು, ಆಮೇಲೆ ಅತಿಥಿಗಳದು. ಅತಿಥಿಗಳಿಗೆ ಶಾಲು, ಪೇಟ, ಹಾರ ಆ ದಿನ ಬೇಡವೇ ಬೇಡ.

ಧ್ವಜ ಹಾರಿಸುವುದಾದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ತಯಾರಾಗುವ ಖಾದಿ ಧ್ವಜವನ್ನೇ ತರುವುದು ನಮ್ಮ ಭಾಗದವರಿಗೆ ಶೋಭೆ. ಭಾವಚಿತ್ರಕ್ಕೆ ಧ್ವಜವನ್ನು ಹೊದಿಸುವುದಾಗಲಿ, ಫಲಕದ ಅನಾವರಣಕ್ಕೆ ಪರದೆಯಾಗಿ ಬಳಸುವುದಾಗಲಿ ಧ್ವಜ ಸಂಹಿತೆಗೆ ವಿರುದ್ಧ. ಶೋಕದ ದಿನವೆಂದು ಸ್ವಂತ ನಿರ್ಧಾರದಿಂದ ಅರ್ಧಕ್ಕೆ ಇಳಿಸುವಂತೆಯೂ ಇಲ್ಲ. ಅದಕ್ಕೆ ಸರ್ಕಾರದ ಆದೇಶ ಬೇಕು.

ಬಿಸಿಲು ಏರುವ ಮೊದಲೇ, ಬೆಳಿಗ್ಗೆ ಎಂಟಕ್ಕೆ ಆರಂಭಿಸಿದರೆ ಒಳ್ಳೆಯದು. ಹೆಸರುಗಳನ್ನು ಓದಲು ಹೈಸ್ಕೂಲಿನ ಮಕ್ಕಳನ್ನು ಆರಿಸಿ, ಹಿಂದಿನ ದಿನವೇ ಅವರಿಂದ ಗಟ್ಟಿಯಾಗಿ ಓದಿಸಿ ನೋಡಿ. ಒಂದು ಹೆಸರು ಮುಗಿದ ಮೇಲೆ ಒಂದು ಉಸಿರಿನಷ್ಟು ಬಿಡುವು ಕೊಟ್ಟು ಮುಂದಿನದನ್ನು ಓದಬೇಕು. ಹಾಜರಿ ಕರೆದಂತೆ ಅವಸರಿಸಬಾರದು. ಎರಡು ನಿಮಿಷದ ಮೌನವನ್ನು ಗಡಿಯಾರ ನೋಡಿಯೇ ಮುಗಿಸಿ, ಏಕೆಂದರೆ ಅಂದಾಜಿನಲ್ಲಿ ಅದು ಅರ್ಧ ನಿಮಿಷಕ್ಕೇ ನಿಂತುಬಿಡುತ್ತದೆ. ಅನಂತರ ಒಂದೇ ಭಾಷಣ ಸಾಕು. ಅದೂ ಮಡಿದವರ ಬದುಕನ್ನು ಬಲ್ಲವರದಾಗಿರಲಿ.

ಕಾರ್ಯಕ್ರಮ ಮುಗಿದ ವಾರದೊಳಗೆ ಪಟ್ಟಿಯ ಒಂದು ಪ್ರತಿಯನ್ನು ಶಾಲೆಗೂ ಇನ್ನೊಂದನ್ನು ಪಂಚಾಯಿತಿ ಗ್ರಂಥಾಲಯಕ್ಕೂ ಕೊಡಿ, ಮನೆಯವರು ಹೇಳಿದ ತಿದ್ದುಪಡಿಗಳನ್ನು ಅದರಲ್ಲೇ ಸೇರಿಸಿ ತಾರೀಖು ಹಾಕಿಡಿ. ಮುಂದಿನ ವರ್ಷ ವರ್ಗವಾಗಿ ಬರುವ ಹೊಸ ಶಿಕ್ಷಕರಿಗೆ ಇದೇ ಆಧಾರವಾಗುತ್ತದೆ.