ಭಾಷಣ ಬಿಟ್ಟು ಕೇಳುವವರ ಮುಖ ನೋಡಿದೆ: ಅಧಿಕಾರದ ಕಥೆ ಬರೆಯಲು ನಾನು ಮಾಡಿದ ಕಸರತ್ತು

ರಾಜಕಾರಣಿಯ ಕಥೆ ಬರೆಯುವವರಿಗೆ ಭಾಷಣ ಬರೆಯುವುದು ಸಲೀಸು. ಎರಡು ಪಂಚ್ ಡೈಲಾಗು, ಒಂದು ಗಾದೆ, ನಡುನಡುವೆ ಚಪ್ಪಾಳೆ. ಈ ಮನುಷ್ಯನ ಹಿಂದೆ ಜನ ಯಾಕೆ ಹೋಗುತ್ತಾರೆ ಅನ್ನುವುದನ್ನು ಬರೆಯುವುದೇ ಕಷ್ಟ. ನನ್ನ ಚಿತ್ರಕಥೆ ಅಲ್ಲಿಗೆ ಬಂದು ನಿಂತಾಗ, ಎಲಿಯಾ ಕಜಾನ್ 1957ರಲ್ಲಿ ತೆಗೆದ ‘ಎ ಫೇಸ್ ಇನ್ ದ ಕ್ರೌಡ್’ ಸಿನಿಮಾವನ್ನು ದೃಶ್ಯ ದೃಶ್ಯವಾಗಿ ಬಿಚ್ಚಿ ನೋಡಲು ಕೂತೆ. ಬಡ್ ಶುಲ್ಬರ್ಗ್ ತಮ್ಮದೇ ಸಣ್ಣಕಥೆಯಿಂದ ಬರೆದ ಚಿತ್ರಕಥೆ ಅದು. ಬಿಡುಗಡೆಯಾದಾಗ ಅಷ್ಟೇನೂ ಓಡಲಿಲ್ಲ, ಅಭಿಮಾನಿಗಳು ಹುಟ್ಟಿಕೊಂಡಿದ್ದು ಆಮೇಲೆ. 2008ರಲ್ಲಿ, ಕಾಪಾಡಿ ಇಡಬೇಕಾದ ಸಿನಿಮಾಗಳ ಪಟ್ಟಿಯಾದ ಅಮೆರಿಕದ ನ್ಯಾಷನಲ್ ಫಿಲ್ಮ್ ರಿಜಿಸ್ಟ್ರಿಗೂ ಸೇರಿತು.

ಕಥೆ ಚುಟುಕಾಗಿ: ಅರ್ಕಾನ್ಸಾದ ಜೈಲಿನಲ್ಲಿ ಬಿದ್ದಿದ್ದ ಅಲೆಮಾರಿ ಗಿಟಾರಿಗ ಲೋನ್‌ಸಮ್ ರೋಡ್ಸ್, ಮಾರ್ಶಾ ಎಂಬಾಕೆಯ ರೇಡಿಯೊ ಕಾರ್ಯಕ್ರಮದಿಂದ ಮೆಂಫಿಸ್ ಟಿವಿಗೆ, ಅಲ್ಲಿಂದ ನ್ಯೂಯಾರ್ಕಿಗೆ ಏರುತ್ತಾನೆ. ಕೊನೆಗೆ ಅಧ್ಯಕ್ಷ ಪದವಿಯ ಮೇಲೆ ಕಣ್ಣಿಟ್ಟ ಸೆನೆಟರ್ ಒಬ್ಬನಿಗೆ ಟಿವಿಯಲ್ಲಿ ಹೇಗೆ ಕಾಣಿಸಿಕೊಳ್ಳಬೇಕೆಂದು ಪಾಠ ಹೇಳುವಷ್ಟು ದೊಡ್ಡವನಾಗುತ್ತಾನೆ. ರೋಡ್ಸ್ ಪಾತ್ರ ಮಾಡಿದ ಆ್ಯಂಡಿ ಗ್ರಿಫಿತ್‌ಗೆ ಇದು ಮೊದಲ ಸಿನಿಮಾ. ನಂಬೋದು ಕಷ್ಟ.

ಮೊದಲು ಏನೂ ಬರೆದುಕೊಳ್ಳದೆ ಪೂರ್ತಿ ನೋಡಿದೆ. ಆಮೇಲೆ ಸೌಂಡ್ ಮ್ಯೂಟ್ ಮಾಡಿ, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಕೂತೆ. ಒಂದರಲ್ಲಿ ಯಾರು ಮಾತಾಡುತ್ತಿದ್ದಾರೆ, ಇನ್ನೊಂದರಲ್ಲಿ ಕೇಳುವವರ ಮುಖ ಹೇಗಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೂರನೆಯ ಕಾಲಂ ಬೇಕಾಯಿತು: ಇವನಿಂದ ಇವರಿಗೇನು ಲಾಭ?

ಕೊನೆಯ ಒಂದು ಜಾಗ ಬಿಟ್ಟರೆ ಆ ಕಾಲಂ ಎಲ್ಲೂ ಖಾಲಿ ಉಳಿಯಲಿಲ್ಲ. ಮಾರ್ಶಾಗೆ ಕಾರ್ಯಕ್ರಮಕ್ಕೊಂದು ದನಿ ಬೇಕು. ಜೈಲಿನಲ್ಲಿ ಅವನು ಹಾಡುವ ಮುಂಚೆಯೇ ನನಗೇನು ಸಿಗುತ್ತೆ ಅಂತ ಚೌಕಾಸಿಗೆ ಇಳಿಯುತ್ತಾನೆ. ಮುಂದೆ ಅವನು ಮಾಡುವುದೆಲ್ಲ ಆ ಚೌಕಾಸಿಯ ದೊಡ್ಡ ರೂಪವೇ. ಮೆಂಫಿಸ್‌ನಲ್ಲಿ ತನ್ನದೇ ಪ್ರಾಯೋಜಕನ ಹಾಸಿಗೆಯನ್ನು ಟಿವಿಯಲ್ಲೇ ಲೇವಡಿ ಮಾಡುತ್ತಾನೆ. ಆ ಕಂಪನಿ ಅವನನ್ನು ಕೈಬಿಟ್ಟಾಗ ಅಭಿಮಾನಿಗಳು ಬೀದಿಯಲ್ಲಿ ಹಾಸಿಗೆ ಸುಡುತ್ತಾರೆ, ಆದರೆ ವ್ಯಾಪಾರ ಏರಿರುತ್ತದೆ! ಅದೇ ಕಂಪನಿಯ ಆಫೀಸಿನಲ್ಲಿ ಚಿಲ್ಲರೆ ಕೆಲಸದಲ್ಲಿದ್ದ ಜೋಯಿ ಅವನ ಏಜೆಂಟ್ ಆಗಿಬಿಡುತ್ತಾನೆ. ವೈಟಜೆಕ್ಸ್ ಮಾತ್ರೆಯ ಮಾಲೀಕ ಜನರಲ್‌ಗೆ ಮಾತ್ರೆ ಮಾರಬೇಕು, ಸೆನೆಟರ್‌ಗೆ ವೋಟು ಬೇಕು. ರೋಡ್ಸ್ ಮೇಲಕ್ಕೆ ಹತ್ತುವುದಕ್ಕಿಂತ ಹೆಚ್ಚಾಗಿ, ಇವರೆಲ್ಲ ಸೇರಿ ಅವನನ್ನು ಎತ್ತಿ ಕೂರಿಸುತ್ತಾರೆ.

ಮ್ಯೂಟ್ ಮಾಡಿದ್ದು ಸಾರ್ಥಕವಾಗಿದ್ದು ಸ್ಟುಡಿಯೊ ದೃಶ್ಯದಲ್ಲಿ. ಕಾರ್ಯಕ್ರಮ ಮುಗಿದು ಹೆಸರುಗಳು ಪರದೆ ಮೇಲೆ ಹೋಗುತ್ತಿವೆ, ರೋಡ್ಸ್ ಕ್ಯಾಮೆರಾ ಕಡೆ ನಗುತ್ತಾ ಕೈಬೀಸುತ್ತಿದ್ದಾನೆ. ಸೌಂಡ್ ಇಲ್ಲದೆ ನೋಡಿದರೆ ಪ್ರೀತಿಯ ವಿದಾಯ, ಅಷ್ಟೇ. ಸೌಂಡ್ ಹಾಕಿದರೆ ಅದೇ ನಗುಮುಖ ವೀಕ್ಷಕರನ್ನು ಮಂಕುಗಳೆಂದು ಹೀಯಾಳಿಸುತ್ತಿದೆ. ಕಂಟ್ರೋಲ್ ರೂಮಿನಲ್ಲಿ ಮಾರ್ಶಾ, ಅವನ ಮಾತು ವೀಕ್ಷಕರಿಗೆ ಕೇಳುವಂತೆ ಧ್ವನಿಯ ಸ್ವಿಚ್ ತೆರೆದು, ಬೇರೆಯವರು ಎಳೆದರೂ ಬಿಡದೆ ಅದನ್ನೇ ಹಿಡಿದುಕೊಂಡಿದ್ದಾಳೆ. ಆಮೇಲೆ ಖುಷಿಯಾಗಿ ಲಿಫ್ಟ್ ಹತ್ತುತ್ತಾನೆ. ಮಹಡಿಯ ನಂಬರ್‌ಗಳು ಇಳಿಯುತ್ತಿದ್ದಂತೆ, ಆ ಕಡೆ ಫೋನುಗಳಲ್ಲಿ ಜನರ ಸಿಟ್ಟು ಸುರಿಯುತ್ತಿರುತ್ತದೆ. ಅವನಿಗೆ ಮಾತ್ರ ಏನೂ ಗೊತ್ತಿಲ್ಲ.

ಆ ರಾತ್ರಿ ಅವನು ಕರೆದ ಔತಣಕ್ಕೆ ದೊಡ್ಡವರು ಯಾರೂ ಬರುವುದಿಲ್ಲ. ಮೂರನೆಯ ಕಾಲಂನಲ್ಲಿ ಬರೆಯಲು ನನಗೆ ಏನೂ ಸಿಗದೇ ಹೋಗಿದ್ದು ಇಲ್ಲೇ. ಆ ಜಾಗ ತುಂಬಲು ಅವನು ಚಪ್ಪಾಳೆ ಹೊಡೆಯುವ ಯಂತ್ರ ಹಚ್ಚಿಸುತ್ತಾನೆ. ಅಲ್ಲಿಗೇ ಸಿನಿಮಾ ಮುಗಿಸಬಹುದಿತ್ತು. ಆಮೇಲೆ ಬರಹಗಾರ ಮೆಲ್ ಮಿಲ್ಲರ್‌ನ ಕೈಲಿ ಅವನಿಗೊಂದು ಉಪನ್ಯಾಸ ಕೊಡಿಸುತ್ತಾರೆ. ಆ ಪಾತ್ರವನ್ನು ವಾಲ್ಟರ್ ಮ್ಯಾಥೌ ಎಷ್ಟೇ ಚೆನ್ನಾಗಿ ಮಾಡಿದರೂ, ನಾವು ಕಣ್ಣಾರೆ ಕಂಡಿದ್ದನ್ನೇ ಮತ್ತೆ ಬಿಡಿಸಿ ಹೇಳಿದಂತಾಗಿದೆ.

ನನ್ನ ಸ್ಕ್ರಿಪ್ಟಿಗೆ ಬಂದರೆ, ನಾಯಕನ ಮೊದಲ ದೊಡ್ಡ ಸಭೆಯಲ್ಲಿ ಈಗ ಅವನು ಕಾಣುವುದೇ ಇಲ್ಲ, ಮೈಕಿನಲ್ಲಿ ದನಿ ಮಾತ್ರ. ವೇದಿಕೆ ಹಿಂದೆ ಕರಪತ್ರ ಅಚ್ಚು ಹಾಕಿದವನು ಬಾಕಿ ಕೇಳಲು ಬಂದು ನಿಂತಿದ್ದಾನೆ. ಚಪ್ಪಾಳೆ ಜೋರಾಗುತ್ತಿದ್ದಂತೆ ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಳ್ಳುತ್ತಾನೆ. ದುಡ್ಡಿನ ಮಾತು ಬಿಟ್ಟು, ಮುಂದಿನ ಚುನಾವಣೆಯಲ್ಲಿ ತಮ್ಮನಿಗೊಂದು ಟಿಕೆಟ್ ಅಂತ ಕೇಳುತ್ತಾನೆ. ಭಾಷಣಕ್ಕಿಂತ ಈ ಒಂದು ಪುಟಕ್ಕೆ ಹೆಚ್ಚು ತಿಣುಕಿದೆ.

ಈಗ ಪ್ರತಿ ದೃಶ್ಯ ಬರೆದ ಮೇಲೂ ಮೂರು ಕಾಲಂ ತುಂಬುತ್ತೇನೆ. ಮೂರನೆಯದರಲ್ಲಿ ಬರೆಯಲು ಏನೂ ಇಲ್ಲದಿದ್ದರೆ ಆ ಪಾತ್ರ ಹೊರಗೆ. ಹಾಗೆ ಹೋದವರಲ್ಲಿ ನಾಯಕನ ತಾಯಿಯೂ ಒಬ್ಬಳು. ನಿರ್ದೇಶಕರು ಇನ್ನೂ ಒಪ್ಪಿಲ್ಲ. ತಾಯಿ ಸೆಂಟಿಮೆಂಟ್ ಇಲ್ಲದ ಸಿನಿಮಾನ ಯಾರ್ರೀ ನೋಡ್ತಾರೆ ಅಂತ ಅವರ ವಾದ.