ಬೆಂಗಳೂರಿನಲ್ಲಿ ಎರಡು ರಾತ್ರಿ: ರೂಮು ಹಿಡಿಯುವ ಲೆಕ್ಕ

ಕೆಲಸದ ಮೇಲೆ ಬೆಂಗಳೂರಿಗೆ ಬಂದು ಒಂದೆರಡು ರಾತ್ರಿ ತಂಗುವವರಿಗೆ ಲಾಬಿಯ ಗೊಂಚಲು ದೀಪವಾಗಲಿ ಈಜುಕೊಳವಾಗಲಿ ಅಷ್ಟಕ್ಕಷ್ಟೆ. ಕಣ್ತುಂಬ ನಿದ್ದೆ ಬರಬೇಕು, ಬೆಳಗ್ಗೆ ಬಿಸಿನೀರು ಇರಬೇಕು, ಕೆಲಸದ ಜಾಗಕ್ಕೆ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳದೆ ಹೋಗಬೇಕು. ಆದ್ದರಿಂದ ನಾನು ರೂಮಿನ ದರವನ್ನು ದಿನಕ್ಕೆ ಎಷ್ಟು ಎಂದು ನೋಡುವುದಿಲ್ಲ, ಗಂಟೆಗೆ ಎಷ್ಟು ಬಿತ್ತು ಎಂದು ನೋಡುತ್ತೇನೆ. ಊರು ಮುಟ್ಟುವ ಹೊತ್ತು, ಊರು ಬಿಡುವ ಹೊತ್ತು, ನಡುವೆ ರೂಮಿನಲ್ಲಿ ನಿಜವಾಗಿ ಇರುವ ಹೊತ್ತು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡ ಮೇಲೆಯೇ ಆ್ಯಪ್ ತೆರೆಯುವುದು.

ಹುಬ್ಬಳ್ಳಿ, ಶಿವಮೊಗ್ಗ, ಮಂಗಳೂರು, ಎಲ್ಲಿಂದ ರಾತ್ರಿ ಬಸ್ಸು ಹತ್ತಿದರೂ ಮೆಜೆಸ್ಟಿಕ್ಕಿನಲ್ಲಿ ಇಳಿಯುವಾಗ ಬೆಳಗಿನ ಐದೋ ಆರೋ ಆಗಿರುತ್ತದೆ. ಹೋಟೆಲುಗಳ ಚೆಕ್‌ಇನ್ ಸಾಮಾನ್ಯವಾಗಿ ಮಧ್ಯಾಹ್ನ 12 ಅಥವಾ 2ಕ್ಕೆ, ಚೆಕ್‌ಔಟ್ 11 ಅಥವಾ 12ಕ್ಕೆ. ಎರಡರಿಂದ ಹನ್ನೊಂದು ಅಂದರೆ ಹೋಟೆಲಿನವರ ಒಂದು ದಿನಕ್ಕೆ 21 ಗಂಟೆ. ಗಾಂಧಿನಗರದ ಲಾಡ್ಜುಗಳಲ್ಲಿ 24 ಗಂಟೆಯ ಪದ್ಧತಿ ಇನ್ನೂ ಇದೆ: ಬೆಳಗ್ಗೆ ಆರಕ್ಕೆ ಕೀ ಕೊಟ್ಟರೆ ಮರುದಿನ ಆರರವರೆಗೆ ರೂಮು ನಿಮ್ಮದು. ಎರಡರಲ್ಲಿ ಯಾವುದು ಅಗ್ಗ ಎನ್ನುವುದು ನಿಮ್ಮ ಹೊತ್ತಿನ ಮೇಲೆ ನಿಂತಿದೆ. ಸೋಮವಾರ ಬೆಳಗ್ಗೆ ಆರಕ್ಕೆ ಬಂದು ಮಂಗಳವಾರ ರಾತ್ರಿ ಹತ್ತರ ಬಸ್ಸಿಗೆ ಹೊರಡುವವರಿಗೆ ಒಟ್ಟು 40 ಗಂಟೆ. 24 ಗಂಟೆಯ ಲಾಡ್ಜಿನಲ್ಲಿ ಎರಡು ದಿನದ ಬಾಡಿಗೆ, ಆದರೆ ಹೊರಡುವ ತನಕ ರೂಮು ಕೈಯಲ್ಲಿರುತ್ತದೆ. ಮಧ್ಯಾಹ್ನದ ಚೆಕ್‌ಔಟ್ ಇರುವ ಹೋಟೆಲಿನಲ್ಲಿ ಒಂದು ರಾತ್ರಿಯ ಬಾಡಿಗೆ, ಜೊತೆಗೆ ಬೇಗ ರೂಮು ಕೊಟ್ಟಿದ್ದಕ್ಕೆ ಅರ್ಧ ದಿನದ ದರ. ಮಂಗಳವಾರ ಹನ್ನೊಂದರ ಮೇಲೆ ಬ್ಯಾಗನ್ನು ರಿಸೆಪ್ಷನ್ನಿನಲ್ಲಿ ಇಟ್ಟು ಓಡಾಡಬೇಕು. ಮಂಗಳವಾರವಿಡೀ ಹೊರಗೇ ಕೆಲಸವಿದ್ದರೆ ಎರಡನೆಯದು ವಾಸಿ. ವಯಸ್ಸಾದವರೋ ಮಕ್ಕಳೋ ಜೊತೆಗಿದ್ದರೆ ಮೊದಲನೆಯದೇ ಸರಿ.

ಇಲ್ಲೊಂದು ತೊಡಕಿದೆ. 24 ಗಂಟೆಯ ಲಾಡ್ಜನ್ನೇ ಆ್ಯಪಿನಲ್ಲಿ ಬುಕ್ ಮಾಡಿದರೆ ಹೆಚ್ಚಾಗಿ ಆ್ಯಪಿನ ಹೊತ್ತೇ ಲಾಗೂ ಆಗುತ್ತದೆ. ಕೌಂಟರಿನಲ್ಲಿ ಎಷ್ಟು ವಾದಿಸಿದರೂ ಅವರು ವೋಚರಿನಲ್ಲಿರುವ 12 ಮತ್ತು 11ನ್ನು ತೋರಿಸುತ್ತಾರೆ. ಅದಕ್ಕೇ ನಾನು ಆ್ಯಪಿನಲ್ಲಿ ದರ ನೋಡಿಕೊಂಡು ನೇರ ಹೋಟೆಲಿಗೆ ಫೋನ್ ಮಾಡುತ್ತೇನೆ. ಕೇಳುವ ಮಾತು ಇಷ್ಟೇ: "ಸಾರ್, ಬೆಳಗ್ಗೆ ಆರೂವರೆಗೆ ಬರ್ತೀನಿ. ಆವಾಗ್ಲೇ ರೂಮ್ ಸಿಗುತ್ತಾ? ಎಕ್ಸ್‌ಟ್ರಾ ಎಷ್ಟು?" ಉತ್ತರವನ್ನು ವಾಟ್ಸ್ಆ್ಯಪಿನಲ್ಲಿ ಒಂದು ಸಾಲು ಹಾಕಿಸಿಕೊಳ್ಳುವುದು ಮುಖ್ಯ, ಯಾಕೆಂದರೆ ರಾತ್ರಿ ಪಾಳಿಯವರಿಗೆ ಹಗಲು ಪಾಳಿಯವರು ಹೇಳಿದ್ದು ತಲುಪಿರುವುದಿಲ್ಲ. ರೈಲಿನಲ್ಲಿ ಬರುವವರಿಗೆ ಇನ್ನೊಂದು ದಾರಿ ಉಂಟು. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಇದ್ದರೆ ಐಆರ್‌ಸಿಟಿಸಿಯಲ್ಲಿ ಸ್ಟೇಷನ್ನಿನ ರಿಟೈರಿಂಗ್ ರೂಮು ಹಿಡಿದು ಸ್ನಾನ ಮುಗಿಸಿ ಕೆಲಸಕ್ಕೆ ಹೋಗಬಹುದು, ಸಂಜೆ ಹೋಟೆಲು ಸೇರಬಹುದು.

ಜಾಗ ಆರಿಸುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಬೇಕು ಎನ್ನುವುದು ಹಳೆಯ ಅಭ್ಯಾಸ. ನಾನು ಬೆಳಗಿನ ಕೆಲಸ ಎಲ್ಲಿದೆ ಎಂದು ನೋಡಿ ಅದೇ ಮೆಟ್ರೊ ಮಾರ್ಗದಲ್ಲಿ ರೂಮು ಹುಡುಕುತ್ತೇನೆ. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಹೋಗುತ್ತದೆ. ಹೈಕೋರ್ಟು, ವಿಧಾನಸೌಧ, ಎಂ.ಜಿ. ರಸ್ತೆ, ಇಂದಿರಾನಗರ ಎಲ್ಲ ಇದರ ಮೇಲೆ. ಹಸಿರು ಮಾರ್ಗ ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ. ತುಮಕೂರು ರಸ್ತೆಯ ವಸ್ತುಪ್ರದರ್ಶನಕ್ಕೆ ಬರುವವರು ಮಾದಾವರದ ಹತ್ತಿರವೇ ದುಬಾರಿ ರೂಮು ಹಿಡಿಯಬೇಕಾಗಿಲ್ಲ, ಮಲ್ಲೇಶ್ವರದಲ್ಲೋ ಜಯನಗರದಲ್ಲೋ ಇಳಿದುಕೊಂಡು ಒಂದೇ ರೈಲಿನಲ್ಲಿ ಹೋಗಬಹುದು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಕೆಲಸಕ್ಕೂ ಜಯನಗರ ಒಳ್ಳೆಯ ಠಾವು. ನಕ್ಷೆಯಲ್ಲಿ "ಮೆಟ್ರೊದಿಂದ 600 ಮೀಟರ್" ಎಂದಿದ್ದರೆ ನಡೆಯುವ ದಾರಿಯನ್ನೂ ಹಾಕಿ ನೋಡಬೇಕು. ಮಧ್ಯೆ ದಾಟಲಾಗದ ರಸ್ತೆಯೋ ಫ್ಲೈಓವರೋ ಇದ್ದರೆ ಬ್ಯಾಗು ಎಳೆದುಕೊಂಡು ಅಷ್ಟು ದೂರವೂ ಆಟೊ ಹಿಡಿಯಬೇಕಾಗುತ್ತದೆ. ರೈಲಿನಲ್ಲಿ ಬರುವವರು ಟಿಕೆಟಿನಲ್ಲಿ ಇಳಿಯುವ ಸ್ಟೇಷನ್ ಎಸ್‌ಎಂವಿಟಿ ಎಂದಿದೆಯೋ ಮೆಜೆಸ್ಟಿಕ್ಕಿನ ಕೆಎಸ್‌ಆರ್ ಎಂದಿದೆಯೋ ಅದನ್ನೂ ನೋಡಿ. ಎಸ್‌ಎಂವಿಟಿ ಇರುವುದು ಬೈಯಪ್ಪನಹಳ್ಳಿಯ ಕಡೆ, ಮೆಜೆಸ್ಟಿಕ್ಕಿನಲ್ಲಲ್ಲ. ವಿಮಾನ ನಿಲ್ದಾಣ ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿಲೋಮೀಟರ್; ನಸುಕಿನ ವಿಮಾನವಿದ್ದರೆ ಕೊನೆಯ ರಾತ್ರಿಯನ್ನು ಮಾತ್ರ ಹೆಬ್ಬಾಳದ ಆಚೆ ಹಾಕಿಕೊಳ್ಳುವುದು ಮೇಲು.

ದರದ ವಿಷಯಕ್ಕೆ ಬಂದರೆ, ಒಂದು ಗಡಿ ನೆನಪಿಟ್ಟುಕೊಂಡರೆ ಸಾಕು: ₹7,500. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ₹7,500ರವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದನ್ನು ದಾಟಿದರೆ ಇಡೀ ಮೊತ್ತಕ್ಕೆ ಶೇ. 18. ₹7,400ರ ರೂಮು ತೆರಿಗೆ ಸೇರಿ ₹7,770 ಆಗುತ್ತದೆ. ₹7,600ರ ರೂಮು ₹8,968. ಇನ್ನೂರು ರೂಪಾಯಿಯ ಅಂತರ ಬಿಲ್ಲಿನಲ್ಲಿ ₹1,198 ಆಗಿ ಕೂರುತ್ತದೆ. ತಿಂಡಿ ಸೇರಿದ ಪ್ಯಾಕೇಜಿನಿಂದ ಮೊತ್ತ ಈ ಗಡಿ ದಾಟುವಂತಿದ್ದರೆ ತಿಂಡಿ ಬಿಟ್ಟು ಬರೀ ರೂಮು ತೆಗೆದುಕೊಳ್ಳುವುದೇ ಲಾಭ. ಬುಕಿಂಗಿನಲ್ಲಿ ಕಾಣುವ ಇಪಿ ಅಂದರೆ ಬರೀ ರೂಮು, ಸಿಪಿ ಅಂದರೆ ತಿಂಡಿ ಸಹಿತ, ಎಂಎಪಿ ಅಂದರೆ ತಿಂಡಿಯ ಜೊತೆ ಒಂದು ಹೊತ್ತಿನ ಊಟ. ಕಂಪನಿ ಖರ್ಚಿನಲ್ಲಿ ಬರುವವರಿಗೆ ಇನ್ನೊಂದು ಮಾತು: ಹೋಟೆಲು ಹಾಕುವುದು ಕರ್ನಾಟಕದ ಎಸ್‌ಜಿಎಸ್‌ಟಿ ಮತ್ತು ಸಿಜಿಎಸ್‌ಟಿ, ಹಾಗಾಗಿ ಪುಣೆಯಲ್ಲೋ ಚೆನ್ನೈಯಲ್ಲೋ ಮಾತ್ರ ನೋಂದಣಿ ಇರುವ ಕಂಪನಿಗೆ ಅದರ ಕ್ರೆಡಿಟ್, ಅಂದರೆ ಇಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಅಂಥವರು ಬಿಲ್ಲಿನ ಮೇಲೆ ಕಂಪನಿಯ ಹೆಸರು ಸರಿಯಾಗಿ ಹಾಕಿಸಿಕೊಂಡರೆ ಸಾಕು.

ಫೋಟೊ ನೋಡಿ ರೂಮು ಆರಿಸುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಮೂಲೆಯಲ್ಲಿ ಕ್ಯಾಮೆರಾ ಇಟ್ಟು ಹೊಡೆದ ಫೋಟೊದಲ್ಲಿ ಹತ್ತಡಿ ರೂಮು ಇಪ್ಪತ್ತಡಿ ಕಾಣುತ್ತದೆ. ಗಿರಾಕಿಗಳು ಬರೆದಿರುವುದರಲ್ಲಿ ಇತ್ತೀಚಿನ ಎರಡು ಮೂರು ತಿಂಗಳದ್ದನ್ನು ಮಾತ್ರ ತೆಗೆದು, ಬಿಸಿನೀರು, ಸದ್ದು, ವಾಸನೆ, ಕಿಟಕಿ ಎಂಬ ಪದಗಳಿಗಾಗಿ ಹುಡುಕಿದರೆ ನಿಜ ಹೊರಬರುತ್ತದೆ. ಕಿಟಕಿ ಯಾಕೆಂದರೆ ಕಡಿಮೆ ದರದ ರೂಮುಗಳಲ್ಲಿ ಅದು ಕಟ್ಟಡದ ಒಳಗಿನ ಗಾಳಿಗುಂಡಿಗೆ ತೆರೆದುಕೊಳ್ಳುತ್ತದೆ. ಅಡುಗೆಮನೆಯ ಒಗ್ಗರಣೆಯ ಘಾಟು ನೇರ ಹಾಸಿಗೆಗೆ ಬರುತ್ತದೆ.

ಗುರುತಿನ ಚೀಟಿ ತಂಗುವ ಪ್ರತಿ ವಯಸ್ಕರದ್ದೂ ಬೇಕು. ವಿಳಾಸ ಇಲ್ಲದ ಕಾರಣ ಪ್ಯಾನ್ ಕಾರ್ಡನ್ನು ಹೋಟೆಲಿನವರು ಒಪ್ಪುವುದಿಲ್ಲ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನು ಯುಐಡಿಎಐ ತಾಣದಿಂದ ಇಳಿಸಿಕೊಂಡು ಇಟ್ಟುಕೊಳ್ಳಿ. ನಾನು ಹೆಚ್ಚಾಗಿ ಡ್ರೈವಿಂಗ್ ಲೈಸೆನ್ಸನ್ನೇ ಕೊಡುತ್ತೇನೆ. ಬೆಂಗಳೂರಿನ ವಿಳಾಸದ ಚೀಟಿ ಇದ್ದವರಿಗೆ ರೂಮು ಕೊಡದ ಹೋಟೆಲುಗಳೂ ಇವೆ, ಬುಕಿಂಗಿನ ಷರತ್ತಿನಲ್ಲಿ ಅದು ಬರೆದಿರುತ್ತದೆ. ಅಮೆರಿಕದಿಂದಲೋ ಬ್ರಿಟನ್ನಿನಿಂದಲೋ ಬರುವ ನಮ್ಮವರು ವಿದೇಶಿ ಪಾಸ್‌ಪೋರ್ಟಿನವರಾದರೆ ಅವರ ವಿವರವನ್ನು ಹೋಟೆಲು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಹಾಗಾಗಿ ಪಾಸ್‌ಪೋರ್ಟ್ ಜೊತೆ ವೀಸಾ ಅಥವಾ ಒಸಿಐ ಕಾರ್ಡೂ ಕೈಯಲ್ಲಿರಲಿ. ಸಣ್ಣ ಲಾಡ್ಜುಗಳು ಈ ತಾಪತ್ರಯವೇ ಬೇಡವೆಂದು ರೂಮು ಇಲ್ಲ ಎಂದುಬಿಡುತ್ತವೆ, ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಕೌಂಟರಿನಲ್ಲಿ ಸಹಿ ಹಾಕುವಾಗಲೇ ನಾನು ಹೇಳುವುದು: "ರೋಡ್ ಕಡೆ ಬೇಡ, ಲಿಫ್ಟ್ ಪಕ್ಕಾನೂ ಬೇಡ, ಹಿಂದಿನ ಕಡೆ ಕೊಡಿ." ಹಿಂದಿನ ಕಡೆ ಜನರೇಟರ್ ಇಲ್ಲವಷ್ಟೆ ಎಂದೂ ಕೇಳಬೇಕು. ಮದುವೆ ಕಾಲದಲ್ಲಿ ಹೋಟೆಲಿನೊಳಗೇ ಹಾಲ್ ಇದ್ದರೆ ಅದಕ್ಕಿಂತ ಎರಡು ಮಹಡಿ ಮೇಲೆ ಇರುವುದು ಒಳ್ಳೆಯದು. ತೀರ ಮೇಲಿನ ಮಹಡಿ ನನಗೆ ಬೇಡ. ತಾರಸಿಯ ಬಿಸಿಲಿಗೆ ಏಪ್ರಿಲ್ ತಿಂಗಳಲ್ಲಿ ಏಸಿ ರಾತ್ರಿ ಹತ್ತರವರೆಗೂ ಏಗುತ್ತಲೇ ಇರುತ್ತದೆ.

ರೂಮಿಗೆ ಹೋದ ಕೂಡಲೇ ಬ್ಯಾಗು ಬಿಚ್ಚುವುದಿಲ್ಲ. ಬ್ಯಾಗನ್ನು ಬಾತ್‌ರೂಮಿನ ಒಣ ಟೈಲಿನ ಮೇಲಿಟ್ಟು ಮೊದಲು ತಿಗಣೆ ನೋಡುವುದು. ಬೆಡ್‌ಶೀಟನ್ನು ತಲೆಯ ಕಡೆಯ ಎರಡೂ ಮೂಲೆಯಲ್ಲಿ ಎತ್ತಿ ಹಾಸಿಗೆಯ ಅಂಚಿನ ಹೊಲಿಗೆಯ ಗುಂಟ ಮೊಬೈಲ್ ಟಾರ್ಚ್ ಹಿಡಿದರೆ ಸಾಕು. ಪೆನ್ನಿನ ಮೊನೆಯಲ್ಲಿ ಚುಕ್ಕಿ ಇಟ್ಟ ಹಾಗೆ ಕರಿ ಕಲೆಗಳಿದ್ದರೆ ಅಲ್ಲಿ ತಿಗಣೆ ಇದೆ. ಮಂಚದ ತಲೆಹಲಗೆ ಗೋಡೆಗೆ ತಾಗುವ ಸಂದಿಯನ್ನೂ ನೋಡಿ, ಹಗಲು ಅವು ಅಡಗುವುದು ಅಲ್ಲೇ. ಕಂಡರೆ ಬೇರೆ ರೂಮು ಕೇಳಬೇಕು, ಅದೂ ಪಕ್ಕದ್ದಲ್ಲ, ಬೇರೆ ಮಹಡಿಯದ್ದು. ಆಮೇಲೆ ಬಾಗಿಲ ಚಿಲಕ, ಫ್ಲಶ್, ಏಸಿ, ಒಂದೊಂದು ಕ್ಷಣ ನೋಡಿದರಾಯಿತು. ಬಾಗಿಲ ಹಿಂದೆ ಅಂಟಿಸಿರುವ ನಕ್ಷೆಯಲ್ಲಿ ಮೆಟ್ಟಿಲು ಯಾವ ಕಡೆಗಿದೆ ನೋಡಿ, ಅಲ್ಲಿಗೆ ಎಷ್ಟು ಬಾಗಿಲು ಎಂದು ಎಣಿಸಿಕೊಳ್ಳಿ. ಹೊಗೆಯಲ್ಲಿ ಕಣ್ಣು ಕಾಣದಾಗ ಕೈಗೆ ಸಿಗುವುದು ಆ ಎಣಿಕೆ ಮಾತ್ರ.

ಬಿಸಿನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಹೆಚ್ಚಿನ ಜಗಳಗಳು ಅಲ್ಲೇ ಆಗುವುದು. ರೂಮು ತೋರಿಸುವ ಹುಡುಗ "ಬಿಸಿನೀರು ಬರುತ್ತೆ ಸಾರ್" ಎಂದರೆ ಯಾವುದರಿಂದ ಎಂದು ಕೇಳಿ. ಸೋಲಾರ್ ಆದರೆ ಬೆಳಗ್ಗೆ ಇಂತಿಷ್ಟು ಹೊತ್ತು ಮಾತ್ರ ಬಿಡುತ್ತಾರೆ, ಮೋಡ ಕವಿದ ಜುಲೈನಲ್ಲಿ ಅದೂ ಬೆಚ್ಚಗಷ್ಟೆ. ಆರಕ್ಕೇ ಎದ್ದವರಿಗೆ ಬಿಸಿ, ಎಂಟಕ್ಕೆ ಎದ್ದವರಿಗೆ ಉಳಿದದ್ದು. ಬಾತ್‌ರೂಮಿನಲ್ಲೇ 15 ಲೀಟರಿನ ಗೀಸರ್ ಇದ್ದರೆ, 2,000 ವ್ಯಾಟಿನದ್ದು 25 ಡಿಗ್ರಿಯ ನೀರನ್ನು 60ಕ್ಕೆ ತರಲು 18ರಿಂದ 20 ನಿಮಿಷ ತೆಗೆದುಕೊಳ್ಳುತ್ತದೆ. ತಣ್ಣೀರು ಬೆರೆಸಿ 40 ಡಿಗ್ರಿಗೆ ತಂದರೆ ಸುಮಾರು 35 ಲೀಟರ್, ಅಂದರೆ ಎರಡು ಬಕೆಟ್. ಇಬ್ಬರಿದ್ದರೆ ಒಬ್ಬರ ಸ್ನಾನಕ್ಕೂ ಇನ್ನೊಬ್ಬರ ಸ್ನಾನಕ್ಕೂ ನಡುವೆ ಇಪ್ಪತ್ತು ನಿಮಿಷ ಬಿಡಬೇಕು, ಇಲ್ಲವೇ ಒಂದೊಂದು ಬಕೆಟಿಗೆ ತೃಪ್ತಿಪಡಬೇಕು. ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿನ ಕತೆ ಬೇರೆ. ಅದು ಹರಿಯುತ್ತಿರುವ ನೀರನ್ನೇ ಕಾಯಿಸುತ್ತದೆ. 3,000 ವ್ಯಾಟಿನದ್ದು ನಿಮಿಷಕ್ಕೆ ಮೂರು ಲೀಟರಿಗಿಂತ ಹೆಚ್ಚು ನೀರನ್ನು 40 ಡಿಗ್ರಿಗೆ ತರಲಾರದು. ನಲ್ಲಿಯನ್ನು ಪೂರ್ತಿ ತಿರುಗಿಸಿ "ಬಿಸಿಯೇ ಇಲ್ಲ" ಎಂದು ಕೂಗುವವರು ಎಡವುವುದು ಇಲ್ಲೇ. ಸಣ್ಣಗೆ ಬಿಟ್ಟು ಬಕೆಟಿಗೆ ಹಿಡಿದರೆ ಆರು ನಿಮಿಷಕ್ಕೆ ಒಂದು ಬಕೆಟ್ ಹದವಾದ ನೀರು ತುಂಬುತ್ತದೆ. ದೊಡ್ಡ ಹೋಟೆಲುಗಳಲ್ಲಿ ಬಾಯ್ಲರ್ ಒಂದೇ ಕಡೆ ಇರುತ್ತದೆ, ಪೈಪಿನಲ್ಲಿ ನಿಂತ ತಣ್ಣೀರು ಹೋಗುವ ತನಕ ಒಂದೆರಡು ನಿಮಿಷ ಕಾಯಬೇಕು. ಆ ನೀರನ್ನು ಬಕೆಟಿಗೆ ಹಿಡಿದುಕೊಂಡರೆ ಬೆರೆಸಲು ಬರುತ್ತದೆ. ಬೆಂಗಳೂರಿನ ನೀರಿನ ಬವಣೆ ಗೊತ್ತಿದ್ದವರು ಅದನ್ನು ಸುಮ್ಮನೆ ಚೆಲ್ಲುವುದಿಲ್ಲ.

ಕೆಟಲ್ ಮುಚ್ಚಳ ತೆಗೆದು ಒಮ್ಮೆ ಮೂಸಿ ನೋಡಿ. ತಳದಲ್ಲಿ ಬಿಳಿ ಪೊರೆ ಇದ್ದರೆ ಅದು ಬೋರ್‌ವೆಲ್ ನೀರಿನ ಸುಣ್ಣ, ಹೆದರಬೇಕಿಲ್ಲ. ಒಮ್ಮೆ ನೀರು ಕುದಿಸಿ ಚೆಲ್ಲಿದರೆ ಸಾಕು. ಹಾಲಿನ ವಾಸನೆ ಬಂದರೆ ಮಾತ್ರ ಬೇರೆ ತರಿಸಿಕೊಳ್ಳಿ. ಹಿಂದಿನವರು ಯಾರೋ ಅದರಲ್ಲಿ ಹಾಲು ಕಾಯಿಸಿ ತಳ ಹಿಡಿಸಿರುತ್ತಾರೆ, ಎಷ್ಟು ತೊಳೆದರೂ ಚಹಾ ಕೆಡುತ್ತದೆ.

ಕೀ ಕಾರ್ಡನ್ನು ಗೋಡೆಯ ಗೂಡಿಗೆ ಹಾಕಿದರಷ್ಟೇ ಕರೆಂಟು ಬರುವ ರೂಮಿನಲ್ಲಿ, ಹೊರಗೆ ಹೋದಾಗ ಚಾರ್ಜಿಗಿಟ್ಟ ಲ್ಯಾಪ್‌ಟಾಪೂ ನಿಂತುಹೋಗುತ್ತದೆ. ಸಣ್ಣ ಫ್ರಿಜ್ಜಿಗೆ ಕೊಟ್ಟಿರುವ ಪ್ಲಗ್ಗಿಗೆ ಸಾಮಾನ್ಯವಾಗಿ ಸದಾ ಕರೆಂಟು ಇರುತ್ತದೆ, ಪವರ್‌ಬ್ಯಾಂಕ್ ಅಲ್ಲಿಗೆ ಹಾಕಿ. ಅಂಗಿ ಒಗೆದುಕೊಳ್ಳುವುದಾದರೆ ಹಿಂಡಿದ ಮೇಲೆ ಒಣ ಟವೆಲಿನಲ್ಲಿ ಸುತ್ತಿ ಮತ್ತೊಮ್ಮೆ ತಿರುಚಿ, ಹ್ಯಾಂಗರಿಗೆ ಹಾಕಿ ಫ್ಯಾನಿನ ಗಾಳಿಗೆ ಬಿಟ್ಟರೆ ತೆಳು ಹತ್ತಿಯದ್ದು ಬೆಳಗಿಗೆ ಒಣಗುತ್ತದೆ. ಬಾತ್‌ರೂಮಿನಲ್ಲಿ ನೇತುಹಾಕಿದರೆ ಒಣಗುವುದಿಲ್ಲ, ಮುಗ್ಗಲು ವಾಸನೆ ಬೇರೆ.

ತಿಂಡಿ ಏಳಕ್ಕೆ ಶುರುವಾಗುವ ಕಡೆ ಏಳೂಕಾಲಿಗೆ ಹೋದರೆ ದೋಸೆಗೆ ಕಾಯಬೇಕಿಲ್ಲ. ಒಂಬತ್ತಕ್ಕೆ ಹೋದವರು ತಟ್ಟೆ ಹಿಡಿದು ಸಾಲಿನಲ್ಲಿರುತ್ತಾರೆ. ಏಳಕ್ಕೂ ಮೊದಲು ಹೊರಡುವುದಾದರೆ ಹಿಂದಿನ ಸಂಜೆಯೇ ಹೇಳಿದರೆ ಕಟ್ಟಿಕೊಡುತ್ತಾರೆ. ಬಸವನಗುಡಿ, ಮಲ್ಲೇಶ್ವರದ ಕಡೆ ತಂಗಿದಾಗ ತಿಂಡಿ ಸೇರಿದ ರೂಮು ಹಿಡಿಯುವುದು ನನ್ನ ಪ್ರಕಾರ ದಂಡ. ಗಾಂಧಿ ಬಜಾರಿನಲ್ಲಿ 1943ರಿಂದ ವಿದ್ಯಾರ್ಥಿ ಭವನ ಇದೆ, ಲಾಲ್‌ಬಾಗ್ ರಸ್ತೆಯಲ್ಲಿ ಎಂಟಿಆರ್ ಇದೆ, ಯಾವ ಬೀದಿಗೆ ಹೋದರೂ ಒಂದು ದರ್ಶಿನಿ ಸಿಗುತ್ತದೆ. ಇಂಥಲ್ಲಿ ತಣ್ಣಗಾದ ಬಫೆ ಇಡ್ಲಿ ಯಾರಿಗೆ ಬೇಕು?

ಬಿಲ್ಲನ್ನು ಹೊರಡುವ ಹಿಂದಿನ ರಾತ್ರಿಯೇ ಕೇಳಿ ನೋಡುತ್ತೇನೆ. ಬೆಳಗ್ಗೆ ಹನ್ನೊಂದರ ಗದ್ದಲದಲ್ಲಿ ತಪ್ಪು ತಿದ್ದಿಸಲು ಆಗುವುದಿಲ್ಲ. ಕುಡಿಯದ ನೀರಿನ ಬಾಟಲಿ, ಪಕ್ಕದ ರೂಮಿನ ಕಾಫಿ ಸೇರಿಕೊಂಡಿರುವುದು ಮಾಮೂಲು. ಊಟದ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇದ್ದರೆ ತೆಗೆಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಅದನ್ನು ತಾನಾಗಿ ಸೇರಿಸಬಾರದೆಂದು ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ರೂಮ್ ಬಾಯ್‌ಗೆ ಕೊಡುವುದನ್ನು ಕೈಗೇ ಕೊಟ್ಟರೆ ಅವನಿಗೆ ಮುಟ್ಟುತ್ತದೆ. ಒಂದೆರಡು ಗಂಟೆ ತಡವಾಗಿ ಬಿಡಬೇಕಿದ್ದರೆ ಬೆಳಗ್ಗೆ ಎಂಟಕ್ಕೆ ಕೇಳಿ, ಆ ಹೊತ್ತಿಗೆ ಅವರಿಗೆ ಅಂದಿನ ಬುಕಿಂಗ್ ಗೊತ್ತಾಗಿರುತ್ತದೆ.

ಅಡ್ವಾನ್ಸ್ ಎಂದು ಕಾರ್ಡ್ ಉಜ್ಜಿಸಿಕೊಂಡಿದ್ದರೆ ಅದು ಹೋಲ್ಡೋ ಪಾವತಿಯೋ ಎಂದು ಚೀಟಿ ನೋಡಿ ತಿಳಿದುಕೊಳ್ಳಿ. ಕ್ರೆಡಿಟ್ ಕಾರ್ಡಿನಲ್ಲಿ ಹೋಲ್ಡ್ ಆದರೆ ಮಿತಿಯಲ್ಲಿ ಅಷ್ಟು ತಡೆದಿರುತ್ತಾರೆ, ಬಿಟ್ಟುಕೊಟ್ಟರೆ ಮುಗಿಯಿತು. ಡೆಬಿಟ್ ಕಾರ್ಡಿನಲ್ಲಾದರೆ ಖಾತೆಯ ದುಡ್ಡೇ ಹೋಗಿ, ವಾಪಸ್ ಬರಲು ದಿನಗಳೇ ಹಿಡಿಯುತ್ತವೆ. ಚೆಕ್‌ಔಟಿನ ಮೇಲೆ ಬ್ಯಾಗು ಬಿಟ್ಟುಹೋಗುವಾಗ ಟೋಕನ್ ತೆಗೆದುಕೊಳ್ಳದೆ ಹೊರಡಬೇಡಿ. ಲ್ಯಾಪ್‌ಟಾಪು, ಒಡವೆ, ಮೂಲ ದಾಖಲೆ ಅದರಲ್ಲಿ ಇಡಬೇಡಿ. ರಾತ್ರಿ ಹತ್ತರ ಬಸ್ಸಿದ್ದರೆ ಎಂಟಕ್ಕೇ ಬಂದು ಎತ್ತಿಕೊಳ್ಳುವುದು ಒಳ್ಳೆಯದು, ಪಾಳಿ ಬದಲಾಗುವ ಹೊತ್ತಿಗೆ ಕ್ಲೋಕ್‌ರೂಮಿನ ಬೀಗದ ಕೈ ಯಾರ ಹತ್ತಿರ ಇದೆ ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.