ಸೇಂಟ್ ಜಾನ್ಸ್ ಕೌಂಟಿಯಲ್ಲಿ ಅಂಗಡಿ ತೆರೆಯುವುದು ಹೇಗೆ?

ಅಮೆರಿಕದ ಫ್ಲೋರಿಡಾ ರಾಜ್ಯದ ಈಶಾನ್ಯ ಕರಾವಳಿಯಲ್ಲಿರುವ ಸೇಂಟ್ ಜಾನ್ಸ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) 2010ರಲ್ಲಿ ಸುಮಾರು 1.90 ಲಕ್ಷ ಜನರಿದ್ದರು. 2020ಕ್ಕೆ 2.73 ಲಕ್ಷ ದಾಟಿದರು. ಇಷ್ಟು ಜನ ಬಂದ ಕಡೆ ವ್ಯಾಪಾರಕ್ಕೆ ಅವಕಾಶ ಇದ್ದೇ ಇರುತ್ತದೆ, ಅಲ್ವಾ? ಆದರೆ ಕಂಪನಿ ನೋಂದಣಿಗೆ ಅವಸರ ಬೇಡ. ಮೊದಲು ಜಾಗ ನೋಡಿ.

ಎಚ್-1ಬಿ ವೀಸಾದಲ್ಲಿರುವ ನಮ್ಮವರು ಅದಕ್ಕೂ ಮುಂಚೆ ವಲಸೆ ವಕೀಲರನ್ನು ಕಾಣಬೇಕು. ಕಂಪನಿಯಲ್ಲಿ ಪಾಲು ಇಟ್ಟುಕೊಳ್ಳಬಹುದು, ಆದರೆ ಅನುಮತಿಯಿಲ್ಲದೆ ಅಲ್ಲಿ ಕೆಲಸ ಮಾಡುವಂತಿಲ್ಲ.

ಇನ್ನು ಜಾಗ. 1565ರಲ್ಲಿ ಸ್ಪೇನಿನವರು ಕಟ್ಟಿದ ಸೇಂಟ್ ಆಗಸ್ಟೀನ್ ಊರಿಗೆ ಪ್ರವಾಸಿಗರೇ ಜಾಸ್ತಿ. ಉತ್ತರದ ನೊಕಾಟಿ, ಸಿಲ್ವರ್‌ಲೀಫ್ ಬಡಾವಣೆಗಳಲ್ಲಿ ಹೊಸ ಮನೆಗಳು, ಮಕ್ಕಳಿರುವ ಸಂಸಾರಗಳು. ಟ್ಯೂಷನ್ ಕ್ಲಾಸಿಗೆ ಒಂದು ಕಡೆ ಸರಿ, ನೆನಪಿನ ಕಾಣಿಕೆಗಳ ಅಂಗಡಿಗೆ ಇನ್ನೊಂದು ಕಡೆ.

ಸಮುದ್ರದ ಹತ್ತಿರ ಬಾಡಿಗೆಗೆ ಹಿಡಿಯುವುದಾದರೆ ಕರಾರಿಗೆ ಸಹಿ ಹಾಕುವ ಮೊದಲು ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಪ್ರವಾಹ ನಕ್ಷೆಯಲ್ಲಿ ಆ ವಿಳಾಸ ಹಾಕಿ ನೋಡಿ. ಇದಕ್ಕೆ ದುಡ್ಡಿಲ್ಲ. 2016ರ ಮ್ಯಾಥ್ಯೂ, 2017ರ ಇರ್ಮಾ ಚಂಡಮಾರುತಗಳಲ್ಲಿ ಸೇಂಟ್ ಆಗಸ್ಟೀನಿನ ಬೀದಿಗಳಿಗೆ ನೀರು ನುಗ್ಗಿತ್ತು. ಸಾಮಾನ್ಯ ಆಸ್ತಿ ವಿಮೆಯಲ್ಲಿ ಪ್ರವಾಹದ ನಷ್ಟ ಸೇರುವುದಿಲ್ಲ. ಕಟ್ಟಡದ ಮಾಲೀಕರ ವಿಮೆ ನಿಮ್ಮ ಸರಕನ್ನು ಕಾಯುವುದಿಲ್ಲ. ಸರ್ಕಾರಿ ಪ್ರವಾಹ ವಿಮೆ ಸಾಮಾನ್ಯವಾಗಿ ಕೊಂಡ 30 ದಿನಗಳ ನಂತರವೇ ಜಾರಿಗೆ ಬರುತ್ತದೆ. ಚಂಡಮಾರುತದ ಕಾಲ ಜೂನ್ 1ಕ್ಕೆ ಶುರು, ಹಾಗಾಗಿ ಏಪ್ರಿಲ್‌ನಲ್ಲೇ ಮಾಡಿಸಿಬಿಡಿ. ಬೇರೆ ಖರ್ಚು ಕಡಿಮೆ ಮಾಡಿ, ಇದನ್ನು ಮಾತ್ರ ಬಿಡಬೇಡಿ.

ಆ ಜಾಗದಲ್ಲಿ ನಿಮ್ಮ ವ್ಯಾಪಾರಕ್ಕೆ ಅನುಮತಿ ಇದೆಯೇ ಎಂದು ವಲಯ ನಿಯಮಗಳನ್ನೂ ವಿಚಾರಿಸಿ. ವಿಳಾಸದಲ್ಲಿ ‘ಸೇಂಟ್ ಆಗಸ್ಟೀನ್’ ಎಂದಿದ್ದ ಮಾತ್ರಕ್ಕೆ ಅದು ನಗರದ ಗಡಿಯೊಳಗೆ ಇರಬೇಕೆಂದಿಲ್ಲ. ಒಳಗಿದ್ದರೆ ನಗರ ಮತ್ತು ಕೌಂಟಿ, ಎರಡರ ವ್ಯಾಪಾರ ತೆರಿಗೆ ರಸೀದಿಯೂ ಬೇಕು. ಯಾವ ನಗರದ ಗಡಿಯೊಳಗೂ ಇಲ್ಲದಿದ್ದರೆ ಕೌಂಟಿಯದು ಸಾಕು. ಕೌಂಟಿ ರಸೀದಿಯ ಅವಧಿ ಪ್ರತಿ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ.

ಜಾಗ ಗಟ್ಟಿಯಾದ ಮೇಲೆ ಕಾಗದಪತ್ರದ ಕೆಲಸ ಸಲೀಸು. ರಾಜ್ಯದ ಸನ್‌ಬಿಜ್ ಜಾಲತಾಣದಲ್ಲಿ ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ) ನೋಂದಣಿಗೆ 125 ಡಾಲರ್. ಮರುವರ್ಷದಿಂದ ಮೇ 1ರೊಳಗೆ ವಾರ್ಷಿಕ ವರದಿ ಸಲ್ಲಿಸಬೇಕು, ಅದಕ್ಕೆ 138.75 ಡಾಲರ್. ತಪ್ಪಿದರೆ 400 ಡಾಲರ್ ದಂಡ! ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನಿಂದ ಪಡೆಯುವ ಇಐಎನ್, ಅಂದರೆ ಉದ್ಯಮದ ತೆರಿಗೆ ಗುರುತಿನ ಸಂಖ್ಯೆ ಪೂರ್ತಿ ಉಚಿತ, ಅದಕ್ಕೆ ಶುಲ್ಕ ಕೇಳುವ ಜಾಲತಾಣಗಳಿಗೆ ಸುಮ್ನೆ ದುಡ್ಡು ಕೊಡಬೇಡಿ. ತೆರಿಗೆ ಬೀಳುವ ಸಾಮಾನು ಮಾರುವುದಾದರೆ ರಾಜ್ಯದ ಕಂದಾಯ ಇಲಾಖೆಯಲ್ಲಿ ಮಾರಾಟ ತೆರಿಗೆಗೂ ಹೆಸರು ನೋಂದಾಯಿಸಿ.

ಅಂಗಡಿ ಬಾಡಿಗೆಯ ಭಾರವೇ ಬೇಡ ಅನ್ನುವವರು ಮನೆಯಿಂದ ಶುರು ಮಾಡಬಹುದು. ಫ್ಲೋರಿಡಾದ ಕಾಟೇಜ್ ಫುಡ್ ಕಾನೂನಿನಂತೆ ಬ್ರೆಡ್ಡು, ಬಿಸ್ಕತ್ತು, ಒಣ ಮಸಾಲೆ ಪುಡಿಯಂಥ ಫ್ರಿಜ್ ಬೇಡದ ತಿನಿಸುಗಳನ್ನು ರಾಜ್ಯದ ಆಹಾರ ಪರವಾನಗಿ ಇಲ್ಲದೆ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಮಾರಬಹುದು. ಪ್ಯಾಕೆಟ್ಟಿನ ಮೇಲೆ ನಿಗದಿತ ಲೇಬಲ್ ಇರಲೇಬೇಕು. ಸಾಂಬಾರ್ ಪುಡಿ ಚೆನ್ನಾಗಿ ಮಾಡುವವರು ಇಲ್ಲಿಂದಲೇ ಗಿರಾಕಿಗಳನ್ನು ಹುಡುಕಲಿ. ಬೆಲೆ, ಸಾಲ, ಲೆಕ್ಕದ ಬಗ್ಗೆ ಅನುಮಾನ ಬಂದರೆ ನಾರ್ತ್ ಫ್ಲೋರಿಡಾ ವಿಶ್ವವಿದ್ಯಾಲಯದ ಸಣ್ಣ ಉದ್ಯಮ ಕೇಂದ್ರದವರು ದುಡ್ಡು ತೆಗೆದುಕೊಳ್ಳದೆ ಸಲಹೆ ಕೊಡುತ್ತಾರೆ. ಬಾಡಿಗೆ ಕರಾರಿನ ಕರಡು ಕೈಗೆ ಬಂದ ಕೂಡಲೇ ಅವರ ಸಮಯ ಕೇಳಿ.